ಸಹಿ ಅಸಲಿಯೋ ನಕಲಿಯೋ: ಕಂಪ್ಯೂಟರ್ ಎಷ್ಟು ಹೇಳಬಲ್ಲದು?

ಪ್ರಶ್ನೆ: ನಾನು ಗದಗ ಜಿಲ್ಲೆಯ ಒಂದು ಪತ್ತಿನ ಸಹಕಾರಿ ಸಂಘದ ಕಾರ್ಯದರ್ಶಿ. ನಮ್ಮ ಸದಸ್ಯರಲ್ಲಿ ಹೆಚ್ಚಿನವರು ರೈತರು, ಸಣ್ಣ ವ್ಯಾಪಾರಸ್ಥರು. ಸಹಿ ಕಾರ್ಡುಗಳು ಹದಿನೈದು-ಇಪ್ಪತ್ತು ವರ್ಷ ಹಳೆಯವು. ಕಳೆದ ವರ್ಷ ಒಬ್ಬ ಸದಸ್ಯರ ಸಹಿಯನ್ನು ಅವರ ಮಗನೇ ಹಾಕಿ ಹಣ ತೆಗೆದಿದ್ದ. ನಮಗೆ ಗೊತ್ತಾಗುವಾಗ ತಡವಾಗಿತ್ತು. ಈಗ ಒಂದು ಕಂಪನಿಯವರು ಸಹಿ ಪರೀಕ್ಷಿಸುವ ಸಾಫ್ಟ್‌ವೇರ್ ತಂದಿದ್ದಾರೆ. ಚೀಟಿ ಸ್ಕ್ಯಾನ್ ಮಾಡಿದರೆ ಅಸಲಿಯೋ ನಕಲಿಯೋ ಹೇಳುತ್ತದಂತೆ, ಶೇ. 98 ನಿಖರವಂತೆ. ನಂಬಿ ಕೊಳ್ಳಬಹುದೇ? ನಾಳೆ ಕೋರ್ಟಿಗೆ ಹೋದರೆ ಅದರ ಮಾತು ನಿಲ್ಲುತ್ತದೆಯೇ?

ಉತ್ತರ: ಕೊಳ್ಳಬಹುದು. ಆದರೆ ಮೊದಲು ಸಹಿ ಕಾರ್ಡುಗಳನ್ನು ಹೊಸದಾಗಿ ಮಾಡಿಸಿ, ಸಾಫ್ಟ್‌ವೇರ್ ಮಾತು ಆಮೇಲೆ. ಇಪ್ಪತ್ತು ವರ್ಷದ ಹಿಂದಿನ ಒಂದೇ ಒಂದು ಸಹಿ ಇಟ್ಟುಕೊಂಡು ಎಂಥ ಒಳ್ಳೆಯ ಸಾಫ್ಟ್‌ವೇರ್ ತಂದರೂ ದುಡ್ಡು ದಂಡ.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ಈ ಸಾಫ್ಟ್‌ವೇರ್ "ಅಸಲಿ", "ನಕಲಿ" ಎಂದು ಹೇಳುವುದಿಲ್ಲ. ಚೀಟಿಯ ಮೇಲಿನ ಸಹಿ ಕಾರ್ಡಿನ ಸಹಿಯಿಂದ ಎಷ್ಟು ದೂರ ಇದೆ ಎಂದು ಒಂದು ಸಂಖ್ಯೆ ಕೊಡುತ್ತದೆ, ಅಷ್ಟೇ. ಇಷ್ಟು ದೂರದವರೆಗೆ ಒಪ್ಪುತ್ತೇವೆ, ಅದರಾಚೆ ಒಪ್ಪುವುದಿಲ್ಲ ಎಂದು ಯಾರೋ ಒಂದು ಗೆರೆ ಎಳೆದಿರುತ್ತಾರೆ. ಪರದೆಯ ಮೇಲೆ ಕಾಣುವ ಹಸಿರು-ಕೆಂಪು ದೀಪ ಆ ಗೆರೆಯ ಫಲ. ಗೆರೆ ಎಲ್ಲಿರಬೇಕು ಎನ್ನುವುದು ನಿಮ್ಮ ಆಡಳಿತ ಮಂಡಳಿ ಕೂತು ತೀರ್ಮಾನಿಸಬೇಕಾದ ವಿಷಯ. ಕಂಪನಿಯ ಇಂಜಿನಿಯರ್ ಹಾಕಿಕೊಟ್ಟು ಹೋಗುವುದಲ್ಲ.

ಸಹಿ ಪರೀಕ್ಷೆಯಲ್ಲಿ ಎರಡು ದಾರಿ ಇವೆ. ಒಂದು, ಟ್ಯಾಬ್ಲೆಟ್ ಅಥವಾ ಪ್ಯಾಡ್ ಮೇಲೆ ಸಹಿ ಮಾಡಿಸುವುದು. ಆಗ ಪೆನ್ನಿನ ತುದಿ ಎಲ್ಲಿದೆ, ಎಷ್ಟು ಒತ್ತುತ್ತಿದೆ, ಯಾವಾಗ ಎತ್ತಿತು ಎನ್ನುವುದೆಲ್ಲ ಸೆಕೆಂಡಿಗೆ ನೂರಾರು ಸಲ ದಾಖಲಾಗುತ್ತದೆ. ಇನ್ನೊಂದು, ಕಾಗದದ ಮೇಲಿನ ಸಹಿಯನ್ನು ಸ್ಕ್ಯಾನ್ ಮಾಡಿ ನೋಡುವುದು. ನಿಮಗೆ ಮಾರಲು ಬಂದಿರುವುದು ಎರಡನೆಯದು. ಕಷ್ಟದ್ದೂ ಅದೇ.

ಯಾಕೆ ಕಷ್ಟ? ಸಹಿಯ ಆಕಾರವನ್ನು ನೋಡಿ ಕಲಿಯಬಹುದು. ವೇಗವನ್ನು ಕಲಿಯುವುದು ಬಹಳ ಕಷ್ಟ. ನಮ್ಮ ಕೈ ನಮ್ಮ ಸಹಿಯನ್ನು ಯೋಚಿಸದೆ ಮಾಡುತ್ತದೆ. ಎಲ್ಲಿ ಓಡಬೇಕು, ಎಲ್ಲಿ ತಿರುಗುವಾಗ ನಿಧಾನ ಆಗಬೇಕು ಎನ್ನುವುದು ಕೈಗೇ ಗೊತ್ತು. ಟ್ಯಾಬ್ಲೆಟ್ಟಿನಲ್ಲಿ ಈ ಓಟವೇ ಸಿಗುತ್ತದೆ. ಎರಡು ಸಹಿಗಳ ಓಟವನ್ನು ಹೋಲಿಸಲು ಹೆಚ್ಚಾಗಿ ಬಳಸುವ ಕ್ರಮಕ್ಕೆ ಡೈನಾಮಿಕ್ ಟೈಮ್ ವಾರ್ಪಿಂಗ್ ಎಂದು ಹೆಸರು. 1970ರ ದಶಕದಲ್ಲಿ ಮಾತನ್ನು ಗುರುತಿಸುವ ಕೆಲಸದಲ್ಲಿ ಇದು ಬಳಕೆಗೆ ಬಂತು. ಒಂದೇ ವಚನವನ್ನು ಒಬ್ಬರು ವಿಲಂಬಿತದಲ್ಲಿ, ಇನ್ನೊಬ್ಬರು ದ್ರುತದಲ್ಲಿ ಹಾಡಿದರೆ ಗಡಿಯಾರ ಹಿಡಿದು ಹೋಲಿಸಿ ಪ್ರಯೋಜನವಿಲ್ಲ, ಸಾಲಿಗೆ ಸಾಲು ಜೋಡಿಸಿ ಕೇಳಬೇಕು, ಅಲ್ವಾ? ಹಾಗೆಯೇ ಇದು ಒಂದು ಸಹಿಯ ಸಮಯವನ್ನು ಅಲ್ಲಲ್ಲಿ ಹಿಗ್ಗಿಸಿ, ಅಲ್ಲಲ್ಲಿ ಕುಗ್ಗಿಸಿ ಇನ್ನೊಂದರ ಜೊತೆ ಜೋಡಿಸುತ್ತದೆ. ಜೋಡಿಸಿದ ಮೇಲೂ ಎಷ್ಟು ವ್ಯತ್ಯಾಸ ಉಳಿಯಿತು ಎನ್ನುವುದೇ ದೂರ.

ಕಾಗದದ ಮೇಲೆ ಇದ್ಯಾವುದೂ ಇಲ್ಲ. ಉಳಿದಿರುವುದು ಶಾಯಿ ಮಾತ್ರ. ಅದರಿಂದ ಕಂಪ್ಯೂಟರ್ ಏನು ಮಾಡುತ್ತದೆ ಎಂದು ಒಂದು ಸಹಿಯನ್ನು ಹತ್ತಿರದಿಂದ ನೋಡಿ ತಿಳಿಯೋಣ. ನಿಮ್ಮ ಸದಸ್ಯರೊಬ್ಬರು ಕನ್ನಡದಲ್ಲಿ "ಬಸಪ್ಪ" ಎಂದು ಸಹಿ ಮಾಡುತ್ತಾರೆ ಎಂದಿಟ್ಟುಕೊಳ್ಳಿ. ಚೀಟಿಯಲ್ಲಿ ಸಹಿಗೆ ಅಂತ ಒಂದು ಗೆರೆ ಅಚ್ಚಾಗಿರುತ್ತದೆ. ಬ, ಸ, ಪ ಗೆರೆಯ ಮೇಲೆ ಕೂರುತ್ತವೆ, ಪ ಒತ್ತು ಗೆರೆಯ ಕೆಳಗೆ ಇಳಿಯುತ್ತದೆ. ಅದರ ಮೇಲೆ ನಿಮ್ಮ ಕ್ಯಾಷಿಯರ್ ನೀಲಿ ಮುದ್ರೆ ಒತ್ತಿರುತ್ತಾರೆ.

ಮೊದಲು ಸ್ಕ್ಯಾನ್. ಆಮೇಲೆ ಯಾವುದು ಶಾಯಿ, ಯಾವುದು ಕಾಗದ ಎಂದು ಬೇರ್ಪಡಿಸಬೇಕು. ಇದಕ್ಕೆ ಜಪಾನಿನ ನೊಬುಯುಕಿ ಒಟ್ಸು 1979ರಲ್ಲಿ ಕೊಟ್ಟ ಕ್ರಮವನ್ನು ಇಂದಿಗೂ ಬಳಸುತ್ತಾರೆ. ಚಿತ್ರದ ಚುಕ್ಕೆಗಳನ್ನು ಕಪ್ಪು, ಬಿಳುಪು ಎಂದು ಎರಡು ಗುಂಪು ಮಾಡಲು ಎಲ್ಲಿ ಕಡಿದರೆ ಗುಂಪುಗಳು ಚೆನ್ನಾಗಿ ಬೇರೆಯಾಗುತ್ತವೆ ಎಂದು ಅದು ತಾನೇ ಹುಡುಕುತ್ತದೆ. ಶುಭ್ರ ಕಾಗದದ ಮೇಲೆ ಇದು ಚೆನ್ನಾಗಿ ನಡೆಯುತ್ತದೆ. ಮುದ್ರೆ ಬಿದ್ದ ಕಾಗದದಲ್ಲಿ ಮುದ್ರೆಯೂ ಶಾಯಿಯ ಗುಂಪಿಗೇ ಸೇರಿಬಿಡುತ್ತದೆ. ಇನ್ನು ಅಚ್ಚಾದ ಗೆರೆ ಅಳಿಸಬೇಕಲ್ಲ, ಅಲ್ಲಿ ಒತ್ತಕ್ಷರದ ಕುತ್ತಿಗೆ ಮುರಿಯುತ್ತದೆ. ಕೆಲವು ಸಾಫ್ಟ್‌ವೇರುಗಳು ಗೆರೆಯಿಂದ ಕೆಳಗಿನದನ್ನು ಕತ್ತರಿಸಿಯೇ ಬಿಡುತ್ತವೆ. ಇಂಗ್ಲಿಷ್ ಸಹಿಗೆ ಅದು ಒಂದು ಬಾಲ ಹೋದಷ್ಟು. ಕನ್ನಡ ಸಹಿಗೆ ಅರ್ಧ ಅಕ್ಷರವೇ ಹೋದಂತೆ. ಹಾಗಾಗಿ ನಿಮ್ಮ ಚೀಟಿಯಲ್ಲಿ ಸಹಿಗೆ ಗೆರೆ ಬೇಡ, ಮಾಸಲು ಬಣ್ಣದ ಖಾಲಿ ಚೌಕ ಇರಲಿ. ಮುದ್ರೆಯನ್ನು ಅದರ ಹೊರಗೆ ಒತ್ತಲಿ. ಸಾಫ್ಟ್‌ವೇರ್ ಕೊಳ್ಳದಿದ್ದರೂ ಇದನ್ನು ಮಾಡಿ.

ಶಾಯಿ ಬೇರ್ಪಟ್ಟ ಮೇಲೆ ಅಳತೆ. ಹಳೆಯ ಪದ್ಧತಿಯಲ್ಲಿ ಏನನ್ನು ಅಳೆಯಬೇಕೆಂದು ನಾವೇ ಹೇಳಿಕೊಡುತ್ತಿದ್ದೆವು: ಸಹಿಯ ಉದ್ದ-ಎತ್ತರ, ಓರೆ, ಗೆರೆಗಳು ಯಾವ ದಿಕ್ಕಿಗೆ ಜಾಸ್ತಿ ಹೋಗುತ್ತವೆ, ಎಷ್ಟು ಕಡೆ ದಾಟುತ್ತವೆ, ಮುಚ್ಚಿದ ಸುತ್ತುಗಳೆಷ್ಟು. ಈಗಿನ ಪದ್ಧತಿಯಲ್ಲಿ ಏನು ಅಳೆಯಬೇಕು ಎನ್ನುವುದನ್ನೂ ನರಜಾಲವೇ, ಅಂದರೆ ಉದಾಹರಣೆಗಳನ್ನು ನೋಡಿ ತಾನೇ ಕಲಿಯುವ ಪ್ರೋಗ್ರಾಮೇ, ಕಲಿಯುತ್ತದೆ. ಇದರ ಬೇರು 1993ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದೆ. ಜೇನ್ ಬ್ರಾಮ್ಲಿ, ಯಾನ್ ಲೆಕನ್ ಮತ್ತವರ ಜೊತೆಗಾರರು ಪ್ಯಾಡ್ ಮೇಲಿನ ಸಹಿಗಳಿಗಾಗಿ ಒಂದು ಅವಳಿ ಜಾಲ ಕಟ್ಟಿದರು. ಒಂದೇ ಥರದ ಎರಡು ಜಾಲ, ಒಂದಕ್ಕೆ ಒಂದೊಂದು ಸಹಿ. ಎರಡೂ ತಮ್ಮ ಸಹಿಯನ್ನು ಸಂಖ್ಯೆಗಳ ಸಾಲಾಗಿ ಮಾಡುತ್ತವೆ. ಒಬ್ಬರದೇ ಸಹಿಗಳಾದರೆ ಸಾಲುಗಳು ಹತ್ತಿರ ಬರಬೇಕು, ಒಂದು ನಕಲಿಯಾದರೆ ದೂರ ಸರಿಯಬೇಕು. ಹಾಗೆ ಆಗುವವರೆಗೆ ಕಲಿಸುತ್ತಾ ಹೋಗುವುದು. ಸಹಿಗೆಂದು ಹುಟ್ಟಿದ ಈ ಉಪಾಯ ಆಮೇಲೆ ಮುಖ ಗುರುತಿಸುವ ಕೆಲಸಕ್ಕೂ ಹೋಯಿತು. 2017ರಲ್ಲಿ ಬಂದ ಸಿಗ್‌ನೆಟ್ ಎಂಬ ಜಾಲ ಇದೇ ಉಪಾಯವನ್ನು ಕಾಗದದ ಸಹಿಗಳಿಗೆ ಬಳಸಿತು. ನಿಮಗೆ ತೋರಿಸಿದ ಸಾಫ್ಟ್‌ವೇರಿನ ಹೊಟ್ಟೆಯಲ್ಲೂ ಇಂಥದ್ದೇ ಏನೋ ಇರುವ ಸಾಧ್ಯತೆ ಹೆಚ್ಚು.

ಇಲ್ಲಿ ನೀವು ಕೇಳಲೇಬೇಕಾದ ಪ್ರಶ್ನೆ: ಈ ಜಾಲ ಕಲಿತದ್ದು ಯಾರ ಸಹಿಗಳಿಂದ? ಸಂಶೋಧಕರು ಬಹಳವಾಗಿ ಬಳಸುವ ಸೀಡಾರ್ ಸಂಗ್ರಹದಲ್ಲಿ 55 ಜನರ ಸಹಿ ಇವೆ, ತಲಾ 24 ಅಸಲಿ, 24 ನಕಲಿ. ಎಲ್ಲವೂ ಇಂಗ್ಲಿಷ್. ಭಾರತದ ಲಿಪಿಗಳಿಗೆ ಬಿಎಚ್‌ಸಿಗ್260 ಇದೆ, ಬಂಗಾಳಿಯಲ್ಲಿ 100 ಜನ, ಹಿಂದಿಯಲ್ಲಿ 160 ಜನ. ಕನ್ನಡಕ್ಕೆ ಮಂಗಳೂರು ವಿಶ್ವವಿದ್ಯಾಲಯದವರು ಮಾಡಿದ ಮುಕೋಸ್ ಎಂಬ ಸಂಗ್ರಹ ಇದೆ, ಅದು ಸಣ್ಣದು. ನಮ್ಮ ಅಕ್ಷರದ ನಡಿಗೆಯೇ ಬೇರೆ. ಹಿಂದಿಯ ಹಾಗೆ ಅಕ್ಷರಗಳನ್ನು ಹೊಲಿಯುವ ಮೇಲ್ಗೆರೆ ಇಲ್ಲ. ಇಂಗ್ಲಿಷಿನ ಹಾಗೆ ಪೆನ್ನು ಎತ್ತದೆ ಓಡುವ ರೂಢಿ ಕಡಿಮೆ. ಸುತ್ತುಗಳು ಜಾಸ್ತಿ, ಒತ್ತುಗಳು ಕೆಳಗೆ, ದೀರ್ಘದ ಕೊಂಬು ಪಕ್ಕಕ್ಕೆ. ಒಬ್ಬರ ಕೈಯ ಗುರುತು ಎಷ್ಟೋ ಸಲ ತಲೆಕಟ್ಟಿನಲ್ಲೇ ಇರುತ್ತದೆ. ಅದನ್ನು ಕೊಕ್ಕೆಯ ಹಾಗೆ ಎಳೆಯುತ್ತಾರೋ, ಸುಮ್ನೆ ಒಂದು ಗೀಟು ಹಾಕುತ್ತಾರೋ, ಮುಂದಿನ ಅಕ್ಷರಕ್ಕೆ ಸೇರಿಸಿಬಿಡುತ್ತಾರೋ. ಕನ್ನಡ ಸಹಿ ಕಾಣದ ಜಾಲ ಇದನ್ನು ಗಮನಿಸಲು ಕಲಿತಿರುವುದಿಲ್ಲ.

ಈಗ ಶೇ. 98ಕ್ಕೆ ಬರೋಣ. ಈ ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ. ಯಾಕೆಂದರೆ ತಪ್ಪು ಎರಡು ಥರ. ನಕಲಿ ಸಹಿಯನ್ನು ಒಪ್ಪಿಬಿಡುವುದು ಒಂದು, ಅಸಲಿ ಸಹಿಯನ್ನು ತಳ್ಳಿಹಾಕುವುದು ಇನ್ನೊಂದು. ಒಪ್ಪುವ ಗೆರೆಯನ್ನು ಬಿಗಿ ಮಾಡಿದರೆ ಮೊದಲನೆಯದು ಕಡಿಮೆಯಾಗುತ್ತದೆ, ಎರಡನೆಯದು ಏರುತ್ತದೆ. ಸಡಿಲ ಬಿಟ್ಟರೆ ತಿರುಗಾಮುರುಗಾ. ಎರಡೂ ಸಮ ಆಗುವ ಬಿಂದುವನ್ನು ಸಂಶೋಧಕರು ಹೋಲಿಕೆಗೆಂದು ಬಳಸುತ್ತಾರೆ. ಸೊಸೈಟಿ ಕೌಂಟರಿಗೆ ಅದೇ ಬಿಂದು ಸರಿ ಎಂದೇನೂ ಇಲ್ಲ.

ನಕಲಿಯಲ್ಲೂ ತರತಮ ಇದೆ. ಖಾತೆದಾರರ ಸಹಿಯನ್ನೇ ನೋಡದವನು ಬೇರೆ ಏನನ್ನೋ ಗೀಚಿದರೆ ಅದನ್ನು ಹಿಡಿಯುವುದು ಸುಲಭ. ಹೆಸರು ಗೊತ್ತಿದ್ದು ತನಗೆ ತೋಚಿದಂತೆ ಬರೆದವನನ್ನೂ ಹಿಡಿಯಬಹುದು. ಕಷ್ಟ ಕೊಡುವವನು ಸಹಿ ನೋಡಿ, ಅಭ್ಯಾಸ ಮಾಡಿ ಬಂದವನು. ನಿಮ್ಮಲ್ಲಿ ನಡೆದದ್ದು ಇದೇ. ತಂದೆಯ ಸಹಿಯನ್ನು ಮಗ ಚಿಕ್ಕಂದಿನಿಂದ ನೋಡಿರುತ್ತಾನೆ, ಶಾಲೆಯ ಪ್ರಗತಿಪತ್ರದ ಮೇಲೂ ಅದೇ ಸಹಿ. ಮೊದಲ ಬಗೆಯ ನಕಲಿಗಳ ಮೇಲೆ ಪರೀಕ್ಷಿಸಿ ಶೇ. 98 ಅಂದರೆ ಅದು ನಿಮಗೆ ಬೇಕಾದ ಉತ್ತರವೇ ಅಲ್ಲ.

ಒಂದು ಸಣ್ಣ ಲೆಕ್ಕ ಹಾಕಿ. ದಿನಕ್ಕೆ 200 ಚೀಟಿ, ವರ್ಷಕ್ಕೆ 300 ದಿನ ಕೆಲಸ ಎಂದರೆ 60,000 ಚೀಟಿ. ಅಸಲಿ ಸಹಿಗಳಲ್ಲಿ ನೂರಕ್ಕೆ ಎರಡನ್ನು ಯಂತ್ರ ತಳ್ಳಿದರೆ ವರ್ಷಕ್ಕೆ 1,200 ಸಲ ಒಬ್ಬ ಪ್ರಾಮಾಣಿಕ ಸದಸ್ಯನ ಮುಂದೆ ಕೆಂಪು ದೀಪ ಹತ್ತುತ್ತದೆ. ಅಷ್ಟರಲ್ಲಿ ನಿಜವಾದ ನಕಲಿ ಎರಡೋ ಮೂರೋ ಇದ್ದೀತು. ಹೆಸರುಕಾಳು ಮಾರಿದ ದುಡ್ಡು ಬರುವ ದಿನಗಳಲ್ಲಿ ಕೌಂಟರಿನ ಮುಂದೆ ಎಷ್ಟು ಜನ ಇರುತ್ತಾರೆ ಎಂದು ನಿಮಗೇ ಗೊತ್ತು. ಹತ್ತು ದಿನದಲ್ಲಿ ಗುಮಾಸ್ತರು ಕೆಂಪು ದೀಪ ನೋಡುವುದನ್ನೇ ಬಿಡುತ್ತಾರೆ. ನಿಜವಾದ ನಕಲಿಯೂ ಆಗ ದಾಟಿಹೋಗುತ್ತದೆ.

ಅದಕ್ಕೇ ಒಂದು ಗೆರೆ ಬೇಡ, ಎರಡು ಇರಲಿ. ಸಾಕಷ್ಟು ಹತ್ತಿರ ಇದ್ದರೆ ಪಾಸು. ತೀರಾ ದೂರ ಇದ್ದರೆ ಮ್ಯಾನೇಜರ್ ಮೇಜಿಗೆ. ನಡುವಿನವನ್ನು ಗುಮಾಸ್ತರು ಕಣ್ಣಿನಿಂದ ನೋಡಿ, ಇನ್ನೊಂದು ಸಹಿ ಮಾಡಿಸಿ, ಮೊಬೈಲಿಗೆ ಸಂದೇಶ ಕಳಿಸಿ ಖಚಿತ ಮಾಡಿಕೊಳ್ಳಲಿ. ಮೊತ್ತಕ್ಕೆ ತಕ್ಕಂತೆ ಗೆರೆ ಬದಲಾಗಲಿ. ಐನೂರು ರೂಪಾಯಿಗೂ ಐವತ್ತು ಸಾವಿರಕ್ಕೂ ಒಂದೇ ಬಿಗಿ ಯಾಕೆ? ಬ್ಯಾಂಕುಗಳೂ ಸಹಿಯೊಂದನ್ನೇ ನೆಚ್ಚಿ ಕೂತಿಲ್ಲ. ದೊಡ್ಡ ಚೆಕ್ಕುಗಳ ವಿವರವನ್ನು ಖಾತೆದಾರರೇ ಮುಂಚೆ ತಿಳಿಸುವ ಪಾಸಿಟಿವ್ ಪೇ ವ್ಯವಸ್ಥೆಯನ್ನು ರಿಸರ್ವ್ ಬ್ಯಾಂಕ್ 2021ರ ಜನವರಿ 1ರಿಂದ ತಂದಿತು, 50,000 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಚೆಕ್ಕುಗಳಿಗೆ. ಮೊಬೈಲಿಗೆ ಸಂದೇಶ ಹೋಗಿದ್ದರೆ ನಿಮ್ಮ ಆ ಹಿರಿಯ ಸದಸ್ಯರಿಗೆ ಅಂದೇ ಗೊತ್ತಾಗುತ್ತಿತ್ತು, ಫೋನು ಮಗನ ಕೈಯಲ್ಲಿ ಇಲ್ಲದಿದ್ದರೆ. ಖಾತೆಗೆ ಯಾರ ನಂಬರ್ ಜೋಡಿಸಿದೆ ಎನ್ನುವುದನ್ನೂ ಒಮ್ಮೆ ನೋಡಿಕೊಳ್ಳಿ.

ದೂರ ಇದ್ದರೆ ಅನುಮಾನ, ಸರಿ. ತೀರಾ ಹತ್ತಿರ ಇದ್ದರೂ ಅನುಮಾನ ಪಡಬೇಕು ಎನ್ನುವುದು ಹಲವರಿಗೆ ಹೊಳೆಯುವುದಿಲ್ಲ. ಯಾರೂ ಎರಡು ಸಲ ಕೂದಲೆಳೆ ತಪ್ಪದ ಹಾಗೆ ಒಂದೇ ಸಹಿ ಮಾಡಲಾರರು. ಈ ಮಾತನ್ನು ಲೆಕ್ಕಕ್ಕೆ ತಂದದ್ದು ಅಮೆರಿಕದ ಹೌಲ್ಯಾಂಡ್ ಉಯಿಲಿನ ಪ್ರಕರಣ, 1868ರಲ್ಲಿ ತೀರ್ಮಾನವಾಯಿತು. ಉಯಿಲಿನ ಒಂದು ಹೆಚ್ಚುವರಿ ಹಾಳೆಯ ಮೇಲಿದ್ದ ಸಹಿ, ಮೂಲ ಉಯಿಲಿನ ಸಹಿಯ ಮೇಲೆ ಇಟ್ಟರೆ ಕರಾರುವಾಕ್ಕಾಗಿ ಕೂರುತ್ತಿತ್ತು. ಗಣಿತಜ್ಞ ಬೆಂಜಮಿನ್ ಪಿಯರ್ಸ್ ಮತ್ತು ಅವರ ಮಗ ಚಾರ್ಲ್ಸ್ ಉಯಿಲು ಬರೆದ ಮಹಿಳೆಯ 42 ಅಸಲಿ ಸಹಿಗಳನ್ನು ತೆಗೆದುಕೊಂಡು, ಒಂದರ ಮೇಲೊಂದು ಇಟ್ಟು 861 ಜೋಡಿಗಳನ್ನು ನೋಡಿದರು. ಪ್ರತಿ ಸಹಿಯಲ್ಲಿ ಕೆಳಮುಖವಾಗಿ ಎಳೆದ 30 ಗೀಟುಗಳು. ಸರಾಸರಿ ಐದರಲ್ಲಿ ಒಂದು ಗೀಟು ಮಾತ್ರ ಹೊಂದುತ್ತಿತ್ತು. ಮೂವತ್ತಕ್ಕೆ ಮೂವತ್ತೂ ತಾನಾಗಿ ಹೊಂದುವುದು ಅಸಾಧ್ಯ ಎನ್ನುವಷ್ಟು ಅಪರೂಪ ಎಂದು ಬೆಂಜಮಿನ್ ಸಾಕ್ಷಿ ಹೇಳಿದರು. ಪ್ರತಿ ಗೀಟನ್ನೂ ಸ್ವತಂತ್ರ ಎಂದು ಹಿಡಿದ ಅವರ ಲೆಕ್ಕವನ್ನು ನಾನು ಪೂರ್ತಿ ಒಪ್ಪುವುದಿಲ್ಲ, ಒಂದು ಗೀಟು ಓರೆಯಾದರೆ ಪಕ್ಕದ್ದೂ ಓರೆಯಾಗುತ್ತದೆ. ಕೋರ್ಟು ತೀರ್ಪು ಕೊಟ್ಟದ್ದೂ ಬೇರೊಂದು ಕಾನೂನಿನ ಅಂಶದ ಮೇಲೆ. ಆದರೆ ಅವರ ತರ್ಕ ಗಟ್ಟಿಯಾಗಿದೆ. ಕಿಟಕಿ ಗಾಜಿಗೆ ಒತ್ತಿ ತಿದ್ದಿದ ಸಹಿ, ಕಾರ್ಡಿನಿಂದ ಫೋಟೋ ತೆಗೆದು ಅಚ್ಚು ಹಾಕಿದ ಸಹಿ ನಿಮ್ಮ ಸಾಫ್ಟ್‌ವೇರಿನಲ್ಲಿ ಎಲ್ಲಕ್ಕಿಂತ ಒಳ್ಳೆಯ ಅಂಕ ಪಡೆಯುತ್ತದೆ. ತೀರಾ ಹೊಂದುವ ಸಹಿಯನ್ನೂ ಎತ್ತಿ ತೋರಿಸುತ್ತದೆಯೇ ಎಂದು ಕಂಪನಿಯವರನ್ನು ಕೇಳಿ.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ವಿಷಯ. ನಕಲಿ ಸಹಿಯ ಲಕ್ಷಣ ಏನೆಂದು ಪರೀಕ್ಷಕರನ್ನು ಕೇಳಿದರೆ ನಿಧಾನವಾದ ಗೆರೆ, ನಡುಕ, ಬೇಡದ ಕಡೆ ಪೆನ್ನು ಎತ್ತುವುದು, ಶುರುವಿನಲ್ಲಿ ಮೊಂಡು ತುದಿ ಎನ್ನುತ್ತಾರೆ. ಈಗ ನಿಮ್ಮ ಸದಸ್ಯರನ್ನು ನೆನೆಸಿಕೊಳ್ಳಿ. ಸಾಕ್ಷರತಾ ಆಂದೋಲನದ ಕಾಲದಲ್ಲಿ ನಡುವಯಸ್ಸಿನಲ್ಲಿ ಸಹಿ ಕಲಿತ ತಾಯಂದಿರು ಅಕ್ಷರವನ್ನು ಬರೆಯುವುದಿಲ್ಲ, ಚಿತ್ರದಂತೆ ಬಿಡಿಸುತ್ತಾರೆ. ಕೈ ನಡುಗುವ ಹಿರಿಯರು, ಪಾರ್ಶ್ವವಾಯು ಆದವರು, ಕಣ್ಣಿನ ಪೊರೆ ಬಂದವರು ಇದ್ದಾರೆ. ಅವರ ಅಸಲಿ ಸಹಿಯಲ್ಲಿ ನಕಲಿಯ ಎಲ್ಲ ಲಕ್ಷಣ ಇರುತ್ತದೆ. ಯಂತ್ರ ಮೊದಲು ತಳ್ಳುವುದು ಅವರನ್ನೇ. ಅಂಥ ಸಹಿಯನ್ನು ಬೇರೆಯವರು ಬಿಡಿಸುವುದೂ ಸುಲಭ, ಹಾಗಾಗಿ ಎರಡೂ ಕಡೆ ನಷ್ಟ ಅವರಿಗೇ. 1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ನಿಮ್ಮ ಜಿಲ್ಲೆಯಲ್ಲೇ. ಸದಸ್ಯರ ಮುಖ ಬಲ್ಲವರು ಕೌಂಟರಿನಲ್ಲಿ ಕೂರುವುದು ಸೊಸೈಟಿಯ ದೊಡ್ಡ ಬಲ, ಅದನ್ನು ಯಂತ್ರಕ್ಕೆ ಬಿಟ್ಟುಕೊಡಬೇಡಿ. ಇಂಥ ಸದಸ್ಯರ ಖಾತೆಗೆ ಒಂದು ಗುರುತು ಹಾಕಿ. ಅವರ ಸಹಿಯನ್ನು ಯಂತ್ರಕ್ಕೆ ಕೊಡದೆ, ಮುಖ, ಫೋಟೋ, ಪಾಸ್‌ಬುಕ್ ನೋಡಿ ಹಣ ಕೊಡಿ. ಕಷ್ಟಪಟ್ಟು ಸಹಿ ಕಲಿತವರಿಗೆ "ಹೆಬ್ಬೆಟ್ಟೇ ಒತ್ತಿಬಿಡಿ" ಎಂದು ಮಾತ್ರ ದಯವಿಟ್ಟು ಹೇಳಬೇಡಿ.

ಹೊಸ ಸಹಿ ಕಾರ್ಡು ಮಾಡಿಸುವಾಗ ಒಂದಲ್ಲ, ಕನಿಷ್ಠ ಐದಾರು ಸಹಿ ತೆಗೆದುಕೊಳ್ಳಿ, ಸಾಧ್ಯವಾದರೆ ಎರಡು ಬೇರೆ ದಿನಗಳಲ್ಲಿ. ಒಬ್ಬರ ಸಹಿ ಎಷ್ಟು ಹೊಯ್ದಾಡುತ್ತದೆ ಎಂದು ತಿಳಿಯದೆ ಯಂತ್ರಕ್ಕೂ ಮನುಷ್ಯರಿಗೂ ಗೆರೆ ಎಳೆಯಲು ಆಗದು. ಕುರ್ಚಿಯಲ್ಲಿ ಕೂರಿಸಿ, ಒಳ್ಳೆಯ ಪೆನ್ನು ಕೊಟ್ಟು ಚೆಂದಾಗಿ ಮಾಡಿಸಬೇಡಿ. ಕೌಂಟರಿನಲ್ಲಿ ನಿಂತು, ದಾರ ಕಟ್ಟಿದ ಪೆನ್ನಿನಲ್ಲಿ ಮಾಡುವ ಸಹಿಯೇ ಬೇಕು, ಮುಂದೆ ಬರುವುದು ಅದೇ ತಾನೇ. ಆಮೇಲೆ ಖಚಿತವಾಗಿ ಅವರದೇ ಎಂದು ಗೊತ್ತಿರುವ ಚೀಟಿಗಳಿಂದ ವರ್ಷಕ್ಕೊಮ್ಮೆ ಹೊಸ ಮಾದರಿ ಸೇರಿಸುತ್ತಾ ಹೋಗಿ. ಸ್ಕ್ಯಾನ್ 300 ಡಿಪಿಐ (ಅಂಗುಲಕ್ಕೆ 300 ಚುಕ್ಕೆ) ಬೂದು ಬಣ್ಣದಲ್ಲಿರಲಿ. ಚೆಕ್ಕಿನ ಬದಲು ಅದರ ಚಿತ್ರ ಕಳಿಸಿ ಕ್ಲಿಯರಿಂಗ್ ಮಾಡುವ ಸಿಟಿಎಸ್ ವ್ಯವಸ್ಥೆಯ ಚಿತ್ರಗಳಲ್ಲಿ ಬೂದು ಪ್ರತಿ 100 ಡಿಪಿಐ, ಕಪ್ಪು-ಬಿಳುಪು ಪ್ರತಿ 200 ಡಿಪಿಐ. ಅಷ್ಟರಲ್ಲಿ ಗೆರೆಯ ಗಾಢತೆ, ನಡುಕ ಚೆನ್ನಾಗಿ ಉಳಿಯುವುದಿಲ್ಲ. ಸಹಿಗಳ ಚಿತ್ರಗಳು ನಿಮ್ಮ ಕಚೇರಿಯ ಕಂಪ್ಯೂಟರಿನಲ್ಲೇ ಇರಲಿ, ಕಂಪನಿಯ ಸರ್ವರಿಗೆ ಹೋಗುವುದು ಬೇಡ. ಕಳ್ಳನಿಗೆ ಅದಕ್ಕಿಂತ ಒಳ್ಳೆಯ ಮಾದರಿ ಪುಸ್ತಕ ಇನ್ನೊಂದಿಲ್ಲ. (ಕಂಪನಿಯವರು "ಡಿಜಿಟಲ್ ಸಹಿ" ಎಂದೂ ಹೇಳಿದ್ದರೆ, ಅದು ಬೇರೆಯೇ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಡಿಜಿಟಲ್ ಸಹಿ ಗೂಢಲಿಪಿಯ ಕೀಲಿಗಳ ಮೇಲೆ ನಡೆಯುತ್ತದೆ, ಕೈಬರಹಕ್ಕೂ ಅದಕ್ಕೂ ಸಂಬಂಧವಿಲ್ಲ.)

ಕೋರ್ಟಿನ ವಿಷಯ. 1872ರ ಸಾಕ್ಷ್ಯ ಕಾಯ್ದೆಯ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ತಜ್ಞರ ಅಭಿಪ್ರಾಯ ಹಿಂದೆ ಕಲಂ 45ರಲ್ಲಿತ್ತು, ಈಗ 39. ಆ ಕೈಬರಹ ಬಲ್ಲವರ ಮಾತು, ಅಂದರೆ ಆ ಸದಸ್ಯರ ಸಹಿಯನ್ನು ವರ್ಷಗಟ್ಟಲೆ ನೋಡಿದ ನಿಮ್ಮ ಗುಮಾಸ್ತರ ಮಾತು, ಕಲಂ 41. ನ್ಯಾಯಾಧೀಶರೇ ಸಹಿಗಳನ್ನು ಹೋಲಿಸಿ ನೋಡಬಹುದು, ಅದು ಕಲಂ 72. ಇದರಲ್ಲೆಲ್ಲ ಮಾತಾಡುವುದು ಮನುಷ್ಯರು, ಅವರನ್ನು ಪಾಟಿಸವಾಲು ಮಾಡಬಹುದು. ಯಂತ್ರ ಕೊಟ್ಟ "0.37" ಎಂಬ ಸಂಖ್ಯೆ ಒಂದೇ ನಿಂತು ಸಹಿ ನಕಲಿ ಎಂದು ಸಾಬೀತು ಮಾಡುವುದಿಲ್ಲ. ಯಾಕೆ ಅನುಮಾನ ಬಂತು, ಯಾಕೆ ಹಣ ತಡೆದಿರಿ ಎಂದು ವಿವರಿಸಲು ಅದು ನೆರವಾದೀತು. ಅದನ್ನು ಎಲೆಕ್ಟ್ರಾನಿಕ್ ದಾಖಲೆಯಾಗಿ ಹಾಜರುಪಡಿಸಲು ಕಲಂ 63ರ ಪ್ರಮಾಣಪತ್ರ ಬೇಕು. ತಜ್ಞರಿಗೆ ಬೇಕಾಗುವುದು ಮೂಲ ಚೀಟಿ. ಪೆನ್ನು ಒತ್ತಿದ ತಗ್ಗು, ಗೆರೆ ಗೆರೆಯನ್ನು ದಾಟಿದ ಜಾಗ, ತಿದ್ದಿದ ಗುರುತು ಎಲ್ಲ ಅದರಲ್ಲೇ ಇರುತ್ತವೆ. ಅನುಮಾನದ ಚೀಟಿಗೆ ಸ್ಟೇಪಲ್ ಹೊಡೆಯಬೇಡಿ, ಸಹಿಯ ಮೇಲೆ ಮಡಿಸಬೇಡಿ. ಅದೇ ಕಾಲದ ಅಸಲಿ ಚೀಟಿಗಳನ್ನೂ ಜೊತೆಗೆ ಎತ್ತಿಡಿ.

ಕೊನೆಗೆ, ಹಣ ಕೊಡುವ ಮುಂಚೆ ಒಂದು ಪರೀಕ್ಷೆ ಮಾಡಿಸಿ. ನಿಮ್ಮ ಸಿಬ್ಬಂದಿ, ನಿರ್ದೇಶಕರು, ಒಪ್ಪುವ ಸದಸ್ಯರು ಸೇರಿ ಮೂವತ್ತು ಜನರಿಂದ ಹತ್ತು ಹತ್ತು ಸಹಿ ತೆಗೆದುಕೊಳ್ಳಿ. ಕನ್ನಡ, ಇಂಗ್ಲಿಷ್ ಎರಡೂ ಇರಲಿ, ನಡುಗುವ ಕೈಯವರೂ ಇರಲಿ. ಪ್ರತಿಯೊಬ್ಬರ ಸಹಿಯನ್ನು, ಅವರ ಒಪ್ಪಿಗೆಯಿಂದಲೇ, ಬೇರೆ ಇಬ್ಬರು ಮನೆಗೆ ಒಯ್ದು ಎರಡು ದಿನ ಅಭ್ಯಾಸ ಮಾಡಿ ನಿಮ್ಮದೇ ಚೀಟಿಗಳ ಮೇಲೆ ಹಾಕಿಕೊಂಡು ಬರಲಿ. ಒಂದೆರಡು ಸಹಿ ಗಾಜಿನ ಮೇಲಿಟ್ಟು ತಿದ್ದಿದವೂ ಇರಲಿ. ಎಲ್ಲ ಕಲಸಿ, ನಂಬರ್ ಹಾಕಿ, ಯಾವುದು ಯಾವುದೆಂಬ ಪಟ್ಟಿಯನ್ನು ನೀವೊಬ್ಬರೇ ಇಟ್ಟುಕೊಂಡು ಕಂಪನಿಯವರ ಮುಂದೆ ಸ್ಕ್ಯಾನ್ ಮಾಡಿಸಿ. ಎಷ್ಟು ನಕಲಿ ದಾಟಿದವು, ಎಷ್ಟು ಅಸಲಿ ಬಿದ್ದವು ಎಂದು ಬೇರೆ ಬೇರೆ ಬರೆದುಕೊಳ್ಳಿ. ಬಿದ್ದ ಅಸಲಿಗಳು ಯಾರವು ಎಂದೂ ನೋಡಿ. ಇದಕ್ಕೆ ಒಪ್ಪದ ಕಂಪನಿಯಿಂದ ಕೊಳ್ಳಬೇಡಿ. ಒಪ್ಪಿದರೆ, ಫಲಿತಾಂಶದ ಹಾಳೆಯನ್ನು ಆಡಳಿತ ಮಂಡಳಿಯ ಸಭೆಯಲ್ಲಿಟ್ಟು, ಎರಡು ಗೆರೆಗಳು ಎಲ್ಲಿರಬೇಕು ಎಂದು ಅಲ್ಲೇ ಠರಾವು ಮಾಡಿ.